ಕೆಡದ ಯಂತ್ರಕ್ಕೆ ಕಸದ ಪಟ್ಟವೇಕೆ?

ಸವೆದು ನಿಂತ ಯಂತ್ರವನ್ನು ಬದಲಿಸುವುದು ಲೋಕರೂಢಿ. ಸವೆಯದ, ಕೆಡದ ಯಂತ್ರವನ್ನು ಒಂದು ಪ್ರಕಟಣೆಯಿಂದಲೇ ನಿರುಪಯುಕ್ತವೆಂದು ಸಾರುವುದು ನಮ್ಮ ಕಾಲದ ಹೊಸ ರೂಢಿ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಸಂಸ್ಥೆ ಒಪ್ಪಿದ ಪ್ರೊಸೆಸರೂ ಇರಬೇಕು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳು, ಕೆಲವೇ ಅಪವಾದಗಳನ್ನುಳಿದು, ಆ ಪಟ್ಟಿಯಲ್ಲಿಲ್ಲ. 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಪತ್ರ ಬರೆಯಬಲ್ಲದು, ಅಡಿಕೆಯ ಲೆಕ್ಕ ಇಡಬಲ್ಲದು, ಮಕ್ಕಳಿಗೆ ಪಾಠ ತೋರಿಸಬಲ್ಲದು. ಆದರೂ ಅದು ಅನರ್ಹ!

ನಿರ್ಬಂಧವನ್ನು ತಪ್ಪಿಸಿ ಹೊಸ ವಿಂಡೋಸನ್ನೇ ಕೂರಿಸುವ ಉಪಾಯಗಳೂ ಉಂಟು. ಆದರೆ ಅಂಥ ಯಂತ್ರಗಳಿಗೆ ಮುಂದಿನ ಪರಿಷ್ಕರಣೆಗಳ ಖಾತರಿಯಿಲ್ಲವೆಂದು ಸಂಸ್ಥೆಯೇ ಹೇಳಿದೆ.

ಹೊಸದನ್ನು ಕೊಂಡರಾಯಿತು ಎನ್ನುವವರು ಅದರ ನಿಜವಾದ ಬೆಲೆಯನ್ನು ಎಣಿಸಬೇಕು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿಯಂತೆ, 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಅದರ ಕಾಲುಭಾಗಕ್ಕಿಂತಲೂ ಕಡಿಮೆ. ಗಣಿಯೆಂದರೇನೆಂದು ಮಲೆನಾಡಿಗರಿಗೆ ಹೇಳಿಕೊಡಬೇಕಿಲ್ಲ. 2005ರ ಕೊನೆಯವರೆಗೂ ಕುದುರೆಮುಖ ಅದನ್ನು ಕಲಿಸಿದೆ. ಲ್ಯಾಪ್‌ಟಾಪಿನ ತಾಮ್ರ, ಚಿನ್ನ, ಕೋಬಾಲ್ಟ್‌ಗಳು ಬರುವುದೂ ಇನ್ನಾರದೋ ನೆಲವನ್ನು ಅಗೆದೇ.

ಬೇರೊಂದು ದಾರಿಯಿದೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಜಗತ್ತಿನಾದ್ಯಂತ ಸಾವಿರಾರು ಜನರು ಕೂಡಿ ಬೆಳೆಸಿದ ಸ್ವತಂತ್ರ ತಂತ್ರಾಂಶ. ಅದರ ಮೇಲೆ ಕಟ್ಟಿದ ಡೆಬಿಯನ್, ಲಿನಕ್ಸ್ ಮಿಂಟ್‌ನಂತಹ ವ್ಯವಸ್ಥೆಗಳು ಉಚಿತವಾಗಿ ದೊರೆಯುತ್ತವೆ. 4 ಜಿಬಿ ಮೆಮೊರಿಯ ಯಂತ್ರವಾದರೆ ಎಕ್ಸ್‌ಎಫ್‌ಸಿಇಯಂತಹ ಹಗುರ ಆವೃತ್ತಿ ಲೇಸು. ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಚಾಲೂ ಮಾಡಿ, ಒಳಗಿನ ಏನನ್ನೂ ಅಳಿಸದೆ, ಮೊದಲು ಪರೀಕ್ಷಿಸಬಹುದು. ವೈ-ಫೈ, ಧ್ವನಿ, ಪ್ರಿಂಟರ್‌ಗಳನ್ನು ಆಗಲೇ ನೋಡಿಕೊಳ್ಳಬೇಕು. ಕೆಲವು ವೈ-ಫೈ ಚಿಪ್‌ಗಳಿಗೆ ಪ್ರತ್ಯೇಕ ಚಾಲಕ ತಂತ್ರಾಂಶ ಬೇಕಾಗುತ್ತದೆ. ಎಲ್ಲವೂ ಒಗ್ಗಿದ ಮೇಲೆ, ಕಡತಗಳನ್ನು ಬೇರೆಡೆ ನಕಲಿಸಿಕೊಂಡು, ಒಳಗೆ ಸ್ಥಾಪಿಸಬಹುದು.

ತೊಡಕುಗಳಿಲ್ಲವೆಂದಲ್ಲ. ವಿಂಡೋಸ್‌ಗಾಗಿಯೇ ರೂಪಿಸಿದ ತಂತ್ರಾಂಶಗಳೆಲ್ಲ ಇಲ್ಲಿ ನಡೆಯಲಾರವು. ನುಡಿಯ ಹಳೆಯ ಸಂಕೇತದಲ್ಲಿರುವ ಕನ್ನಡ ಬರಹಗಳನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ. ಕನ್ನಡ ಟೈಪಿಸಲು ಚಿಂತೆಯಿಲ್ಲ; ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ.

ಒಂಟಿ ಮನೆಗೆ ಕಷ್ಟವೆನಿಸುವ ಈ ಕೆಲಸ ಊರಿಗೆ ಕಷ್ಟವಲ್ಲ. ಮುಯ್ಯಾಳಿನ ಪದ್ಧತಿಯಲ್ಲಿ ಗದ್ದೆ ನೆಟ್ಟ ನಾಡು ನಮ್ಮದು. ಕಲಿತ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಒಂದು ಭಾನುವಾರವನ್ನು ಇದಕ್ಕೆ ಕೊಡಲಿ; ಅಟ್ಟ ಸೇರಿದ ಲ್ಯಾಪ್‌ಟಾಪುಗಳು ಶಾಲೆಯ ಜಗಲಿಗೆ ಇಳಿದು ಬರಲಿ. ಯಂತ್ರದ ಆಯುಷ್ಯವನ್ನು ನಿರ್ಧರಿಸುವ ಹಕ್ಕು ಮಾರಿದವನದಲ್ಲ, ಬಳಸುವವನದು. ಆ ಹಕ್ಕನ್ನು ಚಲಾಯಿಸುವುದೂ ಕಾಡನ್ನು ಉಳಿಸುವ ಕಾಯಕವೇ.