ತಿಂಗಳಿಗೊಂದು ಶನಿವಾರ ಗುರುಗಳಿಗೆ ಬಿಟ್ಟುಕೊಡಿ

ಹುಲಿಗಿ ಹುಣ್ಣಿಮೆಗೆ ಬಂದ ಪಾಲಕರಿಗೆ, ಗುರುಗಳಿಗೆ, ಅಕ್ಕೋರಿಗೆ, ಎಸ್‌ಡಿಎಂಸಿ ಸದಸ್ಯರಿಗೆ



ಅಮ್ಮನ ದರ್ಶನದ ಪಾಳಿ ಇನ್ನೂ ಉದ್ದ ಇದೆ. ನಿಂತಲ್ಲೇ ಈ ಹಾಳೆ ಓದಿ. ಓದಲು ಬಾರದವರು ಪಕ್ಕದವರ ಕೈಗೆ ಕೊಟ್ಟು ಓದಿಸಿಕೊಳ್ಳಿ. ನಾಚಿಕೆ ಬೇಡ, ಹಾಳೆ ಅಚ್ಚು ಹಾಕಿಸಿದ್ದೇ ಓದಿನ ಮಾತು ಆಡಲಿಕ್ಕೆ.

ಹೋದ ಹುಣ್ಣಿಮೆಯ ಸಂಜೆ ಬಸ್ ಹತ್ತುವಲ್ಲಿ ಒಬ್ಬ ತಾಯಿ ತಲೆಯ ಮೇಲೆ ಗಂಟು ಹೊತ್ತು, ಬಂದ ಬಂದ ಬಸ್ಸಿಗೆಲ್ಲ "ಯಪ್ಪಾ, ಇದು ಕುಷ್ಟಗಿಗೆ ಹೊಕ್ಕೈತೇನ?" ಎಂದು ಕೇಳುತ್ತಿದ್ದಳು. ಸೆರಗು ಹಿಡಿದುಕೊಂಡು ಮಗಳು ನಿಂತಿದ್ದಳು. ನಾಲ್ಕನೆತ್ತೆ ಅಂದಳು. "ನೀನೇ ಬೋರ್ಡು ಓದವಾ" ಅಂದೆ. ಹುಡುಗಿ ತುಟಿ ಆಡಿಸಿದಳು. 'ಕು' ಆಯಿತು. ಆಮೇಲೆ ಷಕಾರಕ್ಕೆ ಟಕಾರದ ಒತ್ತು ಬಂತು, ಅಲ್ಲಿ ನಿಂತಳು. ಬೋರ್ಡನ್ನೇ ನೋಡುತ್ತ, ಗಾಳಿಯಲ್ಲಿ ಬೆರಳಿನಿಂದ ಒತ್ತಕ್ಷರ ತಿದ್ದುತ್ತ ನಿಂತಳು. ಅಷ್ಟರಲ್ಲಿ ಬಸ್ ಹೊರಟಿತು. ಅದು ಕುಷ್ಟಗಿಯದೇ ಬಸ್ಸು.

ತಾಯಿಗೆ ಅಕ್ಷರ ಇಲ್ಲ. ಮಗಳಿಗೆ ಅಕ್ಷರ ಇದೆ, ಆದರೆ ಬಸ್ ಹೊರಡುವುದರೊಳಗೆ ಮುಗಿಯುವಷ್ಟು ಓದು ಇಲ್ಲ. ಮೂವತ್ತು ವರ್ಷ ಇದೇ ಸೀಮೆಯ ಸಾಲಿಗಳಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಆ ಹುಡುಗಿ ನನ್ನ ಸಾಲಿಯವಳಲ್ಲ. ಆದರೂ ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

2001ರ ಜನಗಣತಿ ನಡೆದಾಗ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ನೂರು ಹೆಣ್ಣುಮಕ್ಕಳಲ್ಲಿ ನಲವತ್ತು ಮಂದಿಗೂ ಓದು ಬರುತ್ತಿರಲಿಲ್ಲ. 2011ರಲ್ಲಿ ಆ ಲೆಕ್ಕ 57ಕ್ಕೆ ಏರಿತು. ಗಂಡಸರದು 78, ಒಟ್ಟು 68. ಆಗ ರಾಜ್ಯದ ಸರಾಸರಿ 75. ಹತ್ತು ವರ್ಷದಲ್ಲಿ ಇಷ್ಟು ಏರಿದ್ದು ಸಣ್ಣ ಮಾತಲ್ಲ, ಬಿಸಿಲಲ್ಲಿ ಮನೆಮನೆ ತಿರುಗಿ ಹುಡುಗಿಯರನ್ನು ಸಾಲಿಗೆ ಕರೆತಂದ ಗುರುಗಳ ಪುಣ್ಯ ಅದರಲ್ಲಿದೆ. ಆದರೆ ಜನಗಣತಿಯವರು ಕೇಳುವುದು "ಓದು ಬರಹ ಬರುತ್ತದೆಯೇ" ಎಂದು ಮಾತ್ರ. ಬಸ್ಸಿನ ಬೋರ್ಡು ತೋರಿಸಿ ಓದಿಸುವುದಿಲ್ಲ.

ನಮ್ಮ ಸೀಮೆಗೆ ಒಂದು ಹಳೆಯ ಹೊಗಳಿಕೆ ಇದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡು ಯಾವುದೆಂದು ಹೇಳುವಾಗ ಕೊಪಣವನ್ನು, ಅಂದರೆ ನಮ್ಮ ಕೊಪ್ಪಳವನ್ನು, ಹೆಸರಿಸುತ್ತದೆ. ಸಾಲಿ ಕಲಿಯದೆಯೂ ಕಾವ್ಯ ಬಲ್ಲ ಜನ ಎಂದು ಕನ್ನಡಿಗರನ್ನು ಕೊಂಡಾಡುತ್ತದೆ. ಸುಳ್ಳಲ್ಲ. ಇಲ್ಲೇ ಗುಡಿಯ ಮುಂದೆ ಚೌಡಿಕೆ ಹಿಡಿದು ಕೂತ ಜೋಗತಿ ಒಂದಕ್ಷರ ತಪ್ಪದೆ ರಾತ್ರಿಯಿಡೀ ಕಥೆ ಹಾಡುತ್ತಾಳೆ. ಅಂಥವಳೇ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವಾಗ ಮಾತ್ರ ಆ ಹೊಗಳಿಕೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಕಾಲದ ಅಕ್ಷರಗಳಿವೆ. ಎರಡು ಸಾವಿರ ವರ್ಷ ದಾಟಿತು. ಕಲ್ಲಿಗೆ ಬಂದ ಅಕ್ಷರ ಕೆಳಗಿನ ಊರಿಗೆ ಇಳಿಯಲು ಇಷ್ಟು ಹೊತ್ತು ಹಿಡಿಯಬೇಕೆ?

ಈಗ ಉಳ್ಳಾಗಡ್ಡಿಯ ಕಥೆ ಹೇಳುತ್ತೇನೆ.

ನಾನು ಒಂದನೆತ್ತೆ ತೆಗೆದುಕೊಂಡಿದ್ದ ವರ್ಷ ಗೋಡೆಗೆ ಒಂದು ಅಕ್ಷರದ ಚಾರ್ಟು ಇತ್ತು. 'ಈ' ಅಕ್ಷರದ ಕೆಳಗೆ ಈರುಳ್ಳಿಯ ಚಿತ್ರ. ಕೋಲು ಇಟ್ಟು ತೋರಿಸಿದರೆ ಮಕ್ಕಳೆಲ್ಲ ಒಕ್ಕೊರಲಿನಿಂದ "ಉ" ಅನ್ನುತ್ತಿದ್ದವು. ನಾನು ತಿದ್ದುತ್ತಿದ್ದೆ, ಅವು ಮರುದಿನ ಮತ್ತೆ "ಉ". ಎರಡು ತಿಂಗಳು ಮಕ್ಕಳನ್ನು ದಡ್ಡರೆಂದೇ ತಿಳಿದೆ. ಒಂದೆರಡು ಪೆಟ್ಟೂ ಬಿದ್ದವು, ಮುಚ್ಚಿಡುವುದಿಲ್ಲ. ಒಂದು ದಿನ ಮೊಮ್ಮಗನನ್ನು ಕರೆದೊಯ್ಯಲು ಬಂದ ಅಜ್ಜಿ ಬಾಗಿಲಲ್ಲಿ ನಿಂತು ಚಾರ್ಟು ನೋಡಿ, "ಉಳ್ಳಾಗಡ್ಡಿ ಚಲೋ ತೆಗದಾರ ನೋಡ್ರಿ ಸರ" ಅಂದಳು. ಆಗ ಹೊಳೆಯಿತು. ನಮ್ಮ ಯಾವ ಮನೆಯಲ್ಲಿ ಈರುಳ್ಳಿ ಇದೆ? ಮಕ್ಕಳು ಚಿತ್ರವನ್ನು ಸರಿಯಾಗಿಯೇ ಓದಿದ್ದವು. ಅವತ್ತೇ ಆ ಚಿತ್ರ ಕತ್ತರಿಸಿ 'ಉ' ಕೆಳಗೆ ಅಂಟಿಸಿದೆ. 'ಈ' ಕೆಳಗೆ ಈಚಲ ಗಿಡ ಬರೆದೆ. ವಾರದಲ್ಲಿ ಕೆಲಸ ಮುಗಿಯಿತು.

ಆರೇಳು ವರ್ಷ ಕಳೆದು ಮೂರು ಕಿಲೋಮೀಟರ್ ಆಚೆಯ ಇನ್ನೊಂದು ಸಾಲಿಗೆ ವರ್ಗವಾಗಿ ಹೋದೆ. ಅಲ್ಲಿ ಗೋಡೆಯ ಮೇಲೆ ಅದೇ ಚಾರ್ಟು, ಅದೇ ಈರುಳ್ಳಿ, ಅದೇ ಪೆಟ್ಟು. ಈ ಆರೇಳು ವರ್ಷ ನಾನೂ ಆ ಸಾಲಿಯ ಗುರುಗಳೂ ತಿಂಗಳಿಗೊಮ್ಮೆ ಒಂದೇ ಸಭೆಯಲ್ಲಿ, ಒಂದೇ ಜಮಖಾನೆಯ ಮೇಲೆ ಕೂತಿದ್ದೆವು. ಹಾಜರಾತಿ ಕೊಟ್ಟೆವು, ಸೈಕಲ್ ಲೆಕ್ಕ ಕೊಟ್ಟೆವು, ಸಮವಸ್ತ್ರದ ಲೆಕ್ಕ ಕೊಟ್ಟೆವು. ಉಳ್ಳಾಗಡ್ಡಿಯ ಸುದ್ದಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಹಾಳೆಯ ಬೇಡಿಕೆ ಇದೊಂದೇ: ಒಂದು ಸಾಲಿಯ ಗುರು ಕಂಡುಕೊಂಡದ್ದು ಪಕ್ಕದ ಸಾಲಿಗೆ ಮುಟ್ಟಬೇಕು. ಅದಕ್ಕಾಗಿ ತಿಂಗಳಿಗೊಂದು ಶನಿವಾರ ಗುರುಗಳು ಕಡತ ಇಲ್ಲದೆ, ಮಕ್ಕಳ ನೋಟ್‌ಬುಕ್ ಹಿಡಿದುಕೊಂಡು ಕೂಡಬೇಕು.

"ಸಭೆ ಈಗಾಗಲೇ ಇದೆಯಲ್ಲ" ಎನ್ನುತ್ತಾರೆ. ಇದೆ. 1994ರಲ್ಲಿ ಕೇಂದ್ರದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಡಿಪಿಇಪಿ ಬಂದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ ನಾಲ್ಕು ಜಿಲ್ಲೆಗಳು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಆಗ ನಾವು ರಾಯಚೂರಿನಲ್ಲೇ ಇದ್ದೆವು, ಕೊಪ್ಪಳ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಹತ್ತಿರದ ಸಾಲಿಗಳನ್ನು ಕೂಡಿಸಿದ ಕ್ಲಸ್ಟರು, ಅದನ್ನು ನೋಡಿಕೊಳ್ಳುವ ಸಿಆರ್‌ಪಿ, ಸಮಾಲೋಚನಾ ಸಭೆ ಎಂಬ ಮಾತುಗಳು ನಮ್ಮ ಸಾಲಿಗಳಿಗೆ ಬಂದದ್ದು ಆ ಕಾಲದ ಗಾಳಿಯಲ್ಲಿ. ಸಮಾಲೋಚನೆ ಎಂಬ ಹೆಸರು ಇಟ್ಟವರು ದೊಡ್ಡ ಮನಸ್ಸಿನವರು. ಗುರುಗಳು ಕೂಡಿ ಆಲೋಚಿಸಲಿ ಎಂದೇ ಇಟ್ಟರು. ಬರಬರುತ್ತ ಅದು ಮಾಹಿತಿ ಒಟ್ಟುಗೂಡಿಸುವ ಕಟ್ಟೆ ಆಯಿತು. ವಾಟ್ಸಾಪ್ ಬಂದ ಮೇಲಾದರೂ ಆ ಲೆಕ್ಕಗಳು ಫೋನಿನಲ್ಲೇ ಮುಗಿದು ಸಭೆ ಹಗುರಾಗಬೇಕಿತ್ತು. ಆಗಲಿಲ್ಲ. "ಅತೀ ಜರೂರು" ಎಂಬ ಸಂದೇಶ ರಾತ್ರಿಯೂ ಬರುತ್ತದೆ, ಅದೇ ಮಾಹಿತಿಯನ್ನು ಸಭೆಯಲ್ಲಿ ಕಾಗದದ ಮೇಲೆ ಇನ್ನೊಮ್ಮೆ ಕೇಳುತ್ತಾರೆ.

ಗುರುಗಳು ಕೂಡಿ ಆಲೋಚಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ದೇಶ ಹುಡುಕಬೇಕಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ, ಕಾಡಂಚಿನ ತಾಲೂಕು. 1995ರಲ್ಲಿ ಅಲ್ಲಿಯ ಪ್ರಾಥಮಿಕ ಶಾಲೆಯ ಗುರುಗಳು ಯುನಿಸೆಫ್ ನೆರವಿನಿಂದ ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಸಾಲಿಗಳಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಾರ್ಡು ಹಿಡಿದು ಕಲಿಯುವುದನ್ನು ನೋಡಿ ಬಂದರು. ಬಂದವರು ಕೂತು, ವಾದ ಮಾಡಿ, ಹಾಡು ಕಟ್ಟಿ, ಕಾರ್ಡು ಬರೆದು ಕನ್ನಡಕ್ಕೆ ತಮ್ಮದೇ ಪದ್ಧತಿ ಮಾಡಿದರು. ಅದೇ ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಸಾಲಿಗಳಿಗೆಲ್ಲ ಬಂತು.

ನಲಿ-ಕಲಿ ಬಗ್ಗೆ ನಿಮ್ಮ ತಕರಾರು ನನಗೆ ಗೊತ್ತು. "ಏನ್ರಿ ಸರ, ಆರು ತಿಂಗಳಾತು, ನಮ್ಮ ಹುಡುಗಗ ಅ ಆ ಇ ಈ ಬರಾಂಗಿಲ್ಲ, ರ ಗ ಸ ದ ಅಂತ ಕುಂತಾನ." ಅದಕ್ಕೊಂದು ಲೆಕ್ಕ ಇದೆ. ಅ ಆ ಇ ಈ ಕಲಿತ ಮಗು ಅವುಗಳಿಂದ ಎಷ್ಟು ಶಬ್ದ ಓದೀತು? ರ, ಗ, ಸ, ದ, ಅ ಈ ಐದೇ ಅಕ್ಷರ ಬಂದರೆ ಸರ, ರಸ, ಅಗಸ, ಅರಸ, ಗರಗಸ ಓದುತ್ತದೆ. ಮೊದಲ ವಾರವೇ ಮಗುವಿನ ಕೈಗೆ ಅರ್ಥ ಇರುವ ಶಬ್ದ ಸಿಗುತ್ತದೆ. ಮೊದಲಿಗೆ ನನಗೂ ಇದು ಹುಚ್ಚಾಟ ಅನ್ನಿಸಿತ್ತು. ನನ್ನ ತರಗತಿಯ ಒಬ್ಬ ಹುಡುಗ 'ಗರಗಸ' ಓದಿ, ತನ್ನ ಅಪ್ಪ ಬಡಗಿ ಎಂದು ಎದ್ದು ನಿಂತು ಹೇಳಿದ ದಿನ ಬಾಯಿ ಮುಚ್ಚಿಕೊಂಡೆ.

ಆದರೆ ನನ್ನದೂ ಒಂದು ತಕರಾರು ಇದೆ. ಹೆಗ್ಗಡದೇವನಕೋಟೆಯಿಂದ ನಮಗೆ ಕಾರ್ಡಿನ ಪೆಟ್ಟಿಗೆ ಬಂತು, ಏಣಿಯ ಚಾರ್ಟು ಬಂತು, ಸುತ್ತೋಲೆ ಬಂತು. ಆ ಗುರುಗಳು ಕೂತು ಆಡಿದ ಮಾತು ಬರಲಿಲ್ಲ. ಅವರು ತಮ್ಮ ಮಕ್ಕಳ ಮಾತು ಕೇಳಿ ಕಾರ್ಡು ಮಾಡಿದ್ದರು. ನಮ್ಮ ಮಕ್ಕಳ ಮಾತು ಕೇಳಿ ಅವನ್ನು ತಿದ್ದುವ ಕೆಲಸ ನಮ್ಮದಿತ್ತು. ಗಂಗಾವತಿ, ಕಾರಟಗಿ ಕಡೆಯ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು. ಅಲ್ಲಿಯ ಮಗುವಿಗೆ ಈರುಳ್ಳಿ ಎಂದರೆ ಉಲ್ಲಿಪಾಯ, ಅಲ್ಲೂ 'ಉ' ಬಂತು ನೋಡಿ! ತಾಂಡಾದ ಮಗು ತಾಯಿಯನ್ನು ಯಾಡಿ ಅನ್ನುತ್ತದೆ. ಇತ್ತ ಗುರುಗಳಲ್ಲಿ ಕೆಲವರು ಹಳೇ ಮೈಸೂರಿನ ಕಡೆಯವರು, ಅವರಿಗೆ ಚಕ್ಕಡಿ, ಚರಗಿ, ಶೇಂಗಾ ಹೊಸ ಮಾತು. ಅವರದೇನೂ ತಪ್ಪಿಲ್ಲ. ಪಕ್ಕದ ಊರಿನ ಅಕ್ಕೋರೊಬ್ಬರು ಹತ್ತು ನಿಮಿಷ ಹೇಳಿಕೊಟ್ಟರೆ ಮುಗಿಯುವ ಮಾತಿದು. ಆ ಹತ್ತು ನಿಮಿಷಕ್ಕೆ ನಮ್ಮಲ್ಲಿ ಜಾಗ ಇಲ್ಲ.

ಗುಳೆಯ ಮಕ್ಕಳದು ಇನ್ನೊಂದು ಕಥೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮಂಗಳೂರು, ಗೋವಾಕ್ಕೆ ದುಡಿಯಲು ಹೋಗುವಾಗ ಮಕ್ಕಳೂ ಹಿಂದೆ ಹೋಗುತ್ತವೆ. ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಹಂಗಾಮು ಬಂದರೆ ಊರಲ್ಲೇ ಇದ್ದೂ ಸಾಲಿಗೆ ಬರದ ಮಕ್ಕಳಿದ್ದಾರೆ, ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಆರು ತಿಂಗಳು ಬಿಟ್ಟು ಮರಳಿದ ಮಗು ಕಲಿಕೆಯ ಯಾವ ಮೆಟ್ಟಿಲಲ್ಲಿತ್ತು ಎಂದು ಹೊಸ ಗುರುಗಳಿಗೆ ಗೊತ್ತಿರುವುದಿಲ್ಲ. ಮತ್ತೆ ಮೊದಲಿನಿಂದ ಶುರು. ಹೀಗೆ ಎರಡು ಸಲ ಆದರೆ ಮಗು ತಾನಾಗಿಯೇ ಸಾಲಿ ಬಿಡುತ್ತದೆ. ಗುಳೆ ಹೊರಡುವಾಗ ರೇಷನ್ ಕಾರ್ಡು, ಆಧಾರ್ ಕಾರ್ಡು ಸೀರೆಯ ಗಂಟಿನಲ್ಲಿ ಕಟ್ಟಿಕೊಳ್ಳುತ್ತೀರಿ. ಮಗುವಿನ ನೋಟ್‌ಬುಕ್ಕನ್ನೂ ಕಟ್ಟಿಕೊಳ್ಳಿ. ಅದರ ಕೊನೆಯ ಪುಟದಲ್ಲಿ ಮಗು ಎಲ್ಲಿವರೆಗೆ ಓದುತ್ತದೆ, ಯಾವ ಒತ್ತಕ್ಷರ ತಡೆಯುತ್ತದೆ ಎಂದು ಎರಡು ಸಾಲು ಬರೆದುಕೊಡಲು ಗುರುಗಳಿಗೆ ಐದು ನಿಮಿಷ ಸಾಕು. ಮಗು ಹೋದ ಊರಿನ ಸಾಲಿಯ ಗುರುಗಳೊಂದಿಗೆ ನಮ್ಮ ಗುರುಗಳು ನಡೆಸುವ ಸಮಾಲೋಚನೆ ಅದು.

ಶನಿವಾರವೇ ಯಾಕೆಂದರೆ ಅವತ್ತು ಮುಂಜಾನೆ ಸಾಲಿ. ಮಧ್ಯಾಹ್ನ ಮಕ್ಕಳ ಪಾಠ ಕೆಡುವುದಿಲ್ಲ. ಆದರೆ ಗುರುಗಳ ಅರ್ಧ ದಿನದ ಬಿಡುವನ್ನು ನಾವು ಪುಕ್ಕಟೆ ಕೇಳಬಾರದು. ಆ ಹೊತ್ತಿಗೆ ಓಓಡಿ, ಅಂದರೆ ಹೊರಗೆಲಸದ ಹಾಜರಾತಿ, ಕೊಡಲಿ, ಓಡಾಟದ ಖರ್ಚು ಕೊಡಲಿ. ಅವತ್ತು ಎಸ್‌ಎಟಿಎಸ್ ಎಂಬ ಮಕ್ಕಳ ಮಾಹಿತಿಯ ಗಣಕ ಪಟ್ಟಿ, ಮೊಟ್ಟೆ ಲೆಕ್ಕ, ಸಮೀಕ್ಷೆ ಯಾವುದನ್ನೂ ಕೇಳಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಸಾಲಿಯಲ್ಲದ ಕೆಲಸಕ್ಕೆ ಗುರುಗಳನ್ನು ಹಚ್ಚಬಾರದು ಎನ್ನುತ್ತದೆ. ಆ ಕಲಮನ್ನು ಎಸ್‌ಡಿಎಂಸಿಯವರು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು.

"ಗುರುಗಳು ಕೂಡಿದರೆ ಮಂಡಕ್ಕಿ ಮಿರ್ಚಿ ತಿಂದು ವರ್ಗಾವಣೆ ಸುದ್ದಿ ಮಾತಾಡಿ ಎದ್ದು ಬರ್ತಾರ" ಎಂದು ನಮ್ಮ ಓಣಿಯ ಹಿರಿಯರೊಬ್ಬರು ನಕ್ಕರು. ತಿನ್ನಲಿ ಬಿಡಿ, ಮಿರ್ಚಿ ಖರ್ಚು ನಾವೇ ಕೊಡೋಣ. ಆದರೆ ಬರುವಾಗ ಪ್ರತಿಯೊಬ್ಬರೂ ಮೂರು ನೋಟ್‌ಬುಕ್ ತರಲಿ: ಚೆನ್ನಾಗಿ ಓದುವ ಮಗುವಿನದು ಒಂದು, ಒದ್ದಾಡುವ ಮಗುವಿನದು ಒಂದು, ಬಹಳ ದಿನ ಸಾಲಿ ಬಿಟ್ಟು ಬಂದ ಮಗುವಿನದು ಒಂದು. ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿಟ್ಟ ಮೇಲೆ ವರ್ಗಾವಣೆ ಸುದ್ದಿ ಬಹಳ ಹೊತ್ತು ನಡೆಯುವುದಿಲ್ಲ, ಇದು ನನ್ನ ಅನುಭವ. ಜಪಾನಿನ ಸಾಲಿಗಳಲ್ಲಿ ಒಬ್ಬರು ಪಾಠ ಮಾಡುವಾಗ ಉಳಿದ ಗುರುಗಳು ಹಿಂದೆ ನಿಂತು ಮಕ್ಕಳ ಮುಖ, ಮಕ್ಕಳ ಬರಹ ನೋಡಿ, ಆಮೇಲೆ ಕೂಡಿ ಚರ್ಚಿಸುವ ಪದ್ಧತಿಗೆ ನೂರು ವರ್ಷ ಮೀರಿದೆ. ಅಲ್ಲಿ ಅದು ತಪಾಸಣೆ ಅಲ್ಲ. ನಮ್ಮಲ್ಲಿ ಇನ್ನೊಬ್ಬ ಗುರು ತರಗತಿಗೆ ಬಂದರೆ ಸಾಕು, ಸೀಮೆಸುಣ್ಣ ಕೈಯಿಂದ ಜಾರುತ್ತದೆ.

ಪಾಠ ನೋಡುವ ಆ ಪದ್ಧತಿ ನಮ್ಮಲ್ಲೂ ಬರಲಿ. ಇಬ್ಬರೇ ಗುರುಗಳಿರುವ ಸಾಲಿಯಿಂದ ಒಬ್ಬರು ವಾರದ ದಿನ ಪಕ್ಕದ ಸಾಲಿಯ ಪಾಠ ನೋಡಲು ಹೋದರೆ ಇಲ್ಲಿ ಯಾರು ಎಂಬ ಪ್ರಶ್ನೆ ನಿಜವಾದದ್ದು. ಅದಕ್ಕೆ ಉತ್ತರ ಹುಲಿಗಿಯ ಮಗ್ಗುಲಲ್ಲೇ ಇದೆ. ಜಿಲ್ಲೆಯ ಗುರುಗಳಿಗೆ ತರಬೇತಿ ಕೊಡುವ ಡಯಟ್ ಮುನಿರಾಬಾದಿನಲ್ಲಿದೆ. ಅಲ್ಲಿ ಕಲಿಯುವ ಭಾವೀ ಗುರುಗಳನ್ನು ಅಂಥ ದಿನ ಆ ತರಗತಿಗೆ ಕಳಿಸಲಿ. ಅವರಿಗೂ ಪುಸ್ತಕದಲ್ಲಿ ಸಿಗದ ಪಾಠ ಸಿಗುತ್ತದೆ. ಸಾಲಿಯ ಹೊರಗೂ ಮಕ್ಕಳು ಓದಲಿ: ಊರಲ್ಲಿ ಪಂಚಾಯ್ತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಇದ್ದರೆ ಬಾಗಿಲು ತೆರೆಸಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ ಆಗಿದೆ. ಹೆಸರು ಬರೆಸಿ.

ಈಗ ನಿಮ್ಮ ಪಾಳಿ ಗುಡಿಯ ಹತ್ತಿರ ಬಂದಿರಬೇಕು. ದರ್ಶನ ಮುಗಿಸಿ ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ಈ ಹಾಳೆಯನ್ನು ಮಗುವಿನ ಕೈಗೆ ಕೊಡಿ. ಕೆಳಗೆ ದಪ್ಪ ಅಕ್ಷರದಲ್ಲಿ ಎಂಟು ಶಬ್ದಗಳಿವೆ. ಬೈಯಬೇಡಿ, ಅವಸರ ಮಾಡಬೇಡಿ. ಮಗು ಎಲ್ಲಿ ನಿಲ್ಲುತ್ತದೋ ಆ ಶಬ್ದದ ಮೇಲೆ ಅಮ್ಮನ ಭಂಡಾರದ ಬೆರಳು ಒತ್ತಿ. ಹಾಳೆ ಮಡಚಿ ಊರಿಗೆ ಒಯ್ದು ಗುರುಗಳಿಗೋ ಅಕ್ಕೋರಿಗೋ ಕೊಟ್ಟು, "ಇಲ್ಲಿ ನಿಂತಾನ್ರೀ, ಇಲ್ಲಿ ನಿಂತಾಳ್ರೀ. ಶನಿವಾರ ನೀವೆಲ್ಲ ಕೂಡಿದಾಗ ಇದನ್ನ ತೋರಸ್ರಿ" ಎಂದು ಹೇಳಿ.

ಸರ

ಅಗಸ

ಗರಗಸ

ಹುಲಿಗಿ

ಚಕ್ಕಡಿ

ಉಳ್ಳಾಗಡ್ಡಿ

ಕುಷ್ಟಗಿ

ತುಂಗಭದ್ರಾ