ಜೋಗಪ್ಪನಿಗೆ ಕೈಮುಗಿದವರೇ, ಬಾಗಿಲು ತೆರೆಯಿರಿ

ಭರತ ಹುಣ್ಣಿಮೆಗೆ ಸವದತ್ತಿಯ ಗುಡ್ಡ ಹತ್ತಿದವರು ನೋಡಿಯೇ ಇರುತ್ತೀರಿ. ಹಣೆ ತುಂಬ ಭಂಡಾರ, ಕೊರಳಲ್ಲಿ ಮುತ್ತು, ತಲೆಯ ಮೇಲೆ ಎಲ್ಲಮ್ಮನ ಕೊಡ. ಚೌಡಿಕೆಯ ಪೆಟ್ಟಿಗೆ ಕೈಬಿಟ್ಟು ಕುಣಿದರೂ, ಗಂಡಾಗಿ ಹುಟ್ಟಿ ಎಲ್ಲಮ್ಮನ ಹೆಸರಲ್ಲಿ ಸೀರೆಯುಟ್ಟ ಜೋಗಪ್ಪನ ತಲೆಯ ಕೊಡ ಜಾರುವುದಿಲ್ಲ. ‘ಉಧೋ ಉಧೋ’ ಎನ್ನುತ್ತ ಜನ ಕಾಲಿಗೆ ಬೀಳುತ್ತಾರೆ. ಜಾತ್ರೆ ಮುಗಿದ ಮೇಲೆ ಅದೇ ಜೋಗಪ್ಪ ಬಾಡಿಗೆಗೆ ಮನೆ ಕೇಳಿದರೆ? ‘ಖಾಲಿ ಇಲ್ಲ, ಮುಂದೆ ಹೋಗು.’

ಈ ಎರಡು ನಾಲಿಗೆಯ ಬಾಳು ಸಾಕು.

ಗಂಡು-ಹೆಣ್ಣೆಂಬ ಗೆರೆ ದಾಟಿ ಬಾಳುವುದು ಪರದೇಶದಿಂದ ಬಂದ ಚಾಳಿ ಎನ್ನುವವರು ಇದ್ದಾರೆ. ಇಂಡೋನೇಷ್ಯಾದ ಬುಗಿಸ್ ಜನ ಐದು ಲಿಂಗಗಳನ್ನು ಗುರುತಿಸುತ್ತಾರೆ. ಹೀಗೆ ಗೆರೆ ದಾಟಿ ಬಾಳುವವರಲ್ಲಿ ಸಮೋವಾದಲ್ಲಿ ಫಾಫಾಫಿನೆಯರಿದ್ದಾರೆ, ಮೆಕ್ಸಿಕೋದ ಹುಚಿತಾನ್‌ನಲ್ಲಿ ಮುಶೆಗಳಿದ್ದಾರೆ, ನಮ್ಮಲ್ಲಿ ಜೋಗಪ್ಪಗಳಿದ್ದಾರೆ. ಯಾರೂ ಯಾರಿಂದಲೂ ಕಲಿತು ಹೀಗಾದವರಲ್ಲ. ಹೊರಗಿನಿಂದ ಬಂದದ್ದು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ. ಉತ್ತರ ಭಾರತದಲ್ಲಿ ಹಿಜ್ರಾಗಳ ಹೆಸರನ್ನು ಪೊಲೀಸ್ ಪಟ್ಟಿಗೆ ಏರಿಸಿದ ಕಾನೂನು ಅದು. ಪಟ್ಟಿಯಲ್ಲಿದ್ದವರು ಸೀರೆಯುಟ್ಟು ಬೀದಿಗೆ ಬಂದರೆ ವಾರಂಟಿಲ್ಲದೆ ಹಿಡಿಯಬಹುದಿತ್ತು. ಬ್ರಿಟಿಷರು ಹೋದರು, ಆ ಬುದ್ಧಿ ಹೋಗಲಿಲ್ಲ. 2011ರಲ್ಲಿ ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ ಅಂಥದೇ ಪಟ್ಟಿಗೆ ದಾರಿ ಮಾಡಿಕೊಟ್ಟೆವು. ಇದು ನಾಚಿಕೆಯ ಮಾತು.

ಆದರೆ ‘ನಮ್ಮ ಸಂಸ್ಕೃತಿ ಅವರನ್ನು ಪೂಜಿಸಿದೆ’ ಎಂದು ಬೀಗುವುದೂ ಸಲ್ಲ. ಮಾನವಶಾಸ್ತ್ರಜ್ಞೆ ಸೆರೆನಾ ನಂದಾ ಹಿಜ್ರಾಗಳ ಬಗ್ಗೆ 1990ರಲ್ಲಿ ತಂದ ಪುಸ್ತಕ ಓದಿ. ಮದುವೆ ಮನೆಯಲ್ಲಿ ಹರಸುವವರೇ ಹೊಟ್ಟೆಪಾಡಿಗೆ ಮೈ ಮಾರಬೇಕಾದ ಸಂಕಟ ಅಲ್ಲಿದೆ. ಪೂಜೆ ಸಿಕ್ಕವರಿಗೆಲ್ಲ ಅನ್ನ ಸಿಕ್ಕಿಲ್ಲ.

ಜೋಗತಿ ನೃತ್ಯದ ಕಲಾವಿದೆ, ಲಿಂಗತ್ವ ಅಲ್ಪಸಂಖ್ಯಾತೆ ಮಂಜಮ್ಮ ಜೋಗತಿ 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ಹೋದಾಗ, ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ದೇಶವೇ ಚಪ್ಪಾಳೆ ತಟ್ಟಿತು. ಮನೆಯ ಆಸರೆ ತಪ್ಪಿ, ಭಿಕ್ಷೆ ಬೇಡಿ ಬದುಕಿದ ದಿನಗಳಲ್ಲಿ ಅವರಿಗೆ ಯಾರು ತಟ್ಟಿದರು? ಇಂದಿಗೂ ಎಷ್ಟೋ ಮಕ್ಕಳು ಅದೇ ದಾರಿಯಲ್ಲಿದ್ದಾರೆ.

ಸುಪ್ರೀಂ ಕೋರ್ಟ್ 2014ರಲ್ಲೇ ತೃತೀಯ ಲಿಂಗವನ್ನು ಮಾನ್ಯ ಮಾಡಿದೆ. 2021ರಲ್ಲಿ ರಾಜ್ಯ ಸರ್ಕಾರ ನೌಕರಿಯಲ್ಲಿ ಶೇ 1ರ ಮೀಸಲಾತಿ ಕೊಟ್ಟಿತು. ಹತ್ತನೇ ತರಗತಿಯನ್ನೇ ದಾಟಲು ಬಿಡದಿದ್ದರೆ ಆ ನೌಕರಿಗೆ ಅರ್ಜಿ ಹಾಕುವವರು ಯಾರು?

ಅಪ್ಪ ಅಮ್ಮಂದಿರೇ, ಮಗ ಅಕ್ಕನ ಸೀರೆ ಉಟ್ಟನೆಂದು ಬಾರುಕೋಲು ಎತ್ತಬೇಡಿ, ಮನೆಯಿಂದ ಹೊರಗೆ ಹಾಕಬೇಡಿ. ಮೇಷ್ಟ್ರೇ, ತರಗತಿಯಲ್ಲಿ ಆ ಮಗುವನ್ನು ಗೇಲಿ ಮಾಡುವವರ ಬಾಯಿ ಮುಚ್ಚಿಸಿ, ಅದು ಶಾಲೆ ಬಿಡದಂತೆ ನೋಡಿಕೊಳ್ಳಿ. ಮನೆ ಇದ್ದವರೇ, ನಾಳೆ ಜೋಗಪ್ಪನೊಬ್ಬ ಬಂದು ಬಾಡಿಗೆ ಎಷ್ಟೆಂದು ಕೇಳಿದರೆ, ಬೇರೆಯವರಿಗೆ ಹೇಳುವಷ್ಟೇ ಬಾಡಿಗೆ ಹೇಳಿ ಬೀಗದ ಕೈ ಕೊಡಿ.