ತಾಯಿ ಕಲಿಯಬೇಕಾದ ತಾಯ್ನುಡಿ

ತಾಯ್ನುಡಿ ಎಂಬ ಮಾತಿಗೆ ವ್ಯಾಖ್ಯಾನ ಬೇಕಿಲ್ಲ. ತೊಟ್ಟಿಲ ಜೋಗುಳ, ಅಡುಗೆಮನೆಯ ಮಾತುಕತೆ, ಅಜ್ಜಿಯ ಕಥೆ, ಜಗುಲಿಯ ಹರಟೆ ಇವನ್ನೆಲ್ಲ ಕೇಳುತ್ತ ಕೇಳುತ್ತ, ಗುರುವಿಲ್ಲದೆ, ಗ್ರಂಥವಿಲ್ಲದೆ, ಮಗು ತನ್ನದಾಗಿಸಿಕೊಳ್ಳುವ ಭಾಷೆ ಅದು. ಕಲಿಸಿದೆನೆಂದು ತಾಯಿ ಅರಿಯಳು. ಕಲಿತೆನೆಂದು ಮಗುವೂ ಅರಿಯದು. ಆದರೆ ಹುಟ್ಟಿನಿಂದಲೇ ಕಿವಿ ಕೇಳದ ಮಗು ಕೇಳುವವರ ಮನೆಯಲ್ಲಿ ಹುಟ್ಟಿದಾಗ ಈ ಸಹಜಕ್ರಮ ತಲೆಕೆಳಗಾಗುತ್ತದೆ. ತಾಯಿ ಬಲ್ಲ ನುಡಿ ಮಗುವನ್ನು ಮುಟ್ಟದು. ಮಗುವನ್ನು ಮುಟ್ಟಬಲ್ಲ ನುಡಿಯನ್ನು ತಾಯಿ ಬಲ್ಲವಳಲ್ಲ. ಅಂಥ ಮನೆಯಲ್ಲಿ ಮೊದಲು ವಿದ್ಯಾರ್ಥಿಗಳಾಗಬೇಕಾದವರು ತಾಯಿತಂದೆಗಳು. ಕಿವುಡ ಮಗುವಿನ ವಿದ್ಯಾಭ್ಯಾಸವು ಅದರ ಹೆತ್ತವರ ವಿದ್ಯಾಭ್ಯಾಸದಿಂದಲೇ ಆರಂಭವಾಗಬೇಕೆಂಬ ಸಂಗತಿಯನ್ನು ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಗಂಭೀರವಾಗಿ ಪರಿಭಾವಿಸಬೇಕಾಗಿದೆ.

2011ರ ಜನಗಣತಿಯಂತೆ ಭಾರತದಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ 50 ಲಕ್ಷವನ್ನು ಮೀರಿತ್ತು. ಕಿವುಡ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಕೇಳಬಲ್ಲ ತಾಯಿತಂದೆಗಳಿಗೇ ಜನಿಸಿದವರೆಂಬುದನ್ನು ಅಮೆರಿಕದ ಸಮೀಕ್ಷೆಗಳು ತೋರಿಸಿಕೊಟ್ಟಿವೆ. ಆದಕಾರಣ ಈ ಮಕ್ಕಳಲ್ಲಿ ಬಹುಪಾಲಿನವರಿಗೆ ಮನೆಯಲ್ಲಿ ತಮ್ಮ ನುಡಿಯನ್ನಾಡುವವರು ಒಬ್ಬರೂ ಇರುವುದಿಲ್ಲ. ಹಸಿವಾದರೆ ಬಾಯಿಗೆ ಕೈ ತೋರಿಸುವುದು, ನಿದ್ದೆ ಬಂದರೆ ಕೆನ್ನೆಗೆ ಅಂಗೈ ಒತ್ತುವುದು, ಬೇಕಾದ ವಸ್ತುವಿನತ್ತ ಬೆರಳು ಚಾಚುವುದು, ಇಂಥ ಕೆಲವು ಮನೆಸನ್ನೆಗಳು ಹೇಗೋ ಹುಟ್ಟಿಕೊಳ್ಳುತ್ತವೆ. ಇವುಗಳಿಂದ ಹೊಟ್ಟೆ ತುಂಬೀತು, ಮನಸ್ಸು ತುಂಬದು. ಅಜ್ಜನನ್ನು ಮನೆಯಿಂದ ಹೊತ್ತು ಒಯ್ದವರು ಮರಳಿ ಕರೆತರಲಿಲ್ಲವೇಕೆ, ನಾಳೆ ಎಲ್ಲರೂ ಹೊರಡುವುದು ಎಲ್ಲಿಗೆ, ಅಮ್ಮ ಅಳುತ್ತಿರುವುದು ಏತಕ್ಕೆ ಎಂಬ ಪ್ರಶ್ನೆಗಳನ್ನು ಬೆರಳು ತೋರಿಸಿ ಕೇಳಲಾಗದು, ಉತ್ತರಿಸಲೂ ಆಗದು. ಹಬ್ಬದ ಪಂಕ್ತಿಯಲ್ಲಿ ಎಲ್ಲರೂ ನಗುವಾಗ ಆ ಮಗುವೂ ಸುಮ್ಮನೆ ನಗುತ್ತದೆ. ಏಕೆ ನಕ್ಕರೆಂದು ಅದು ಕೇಳಿದರೆ, ಆಮೇಲೆ ಹೇಳುತ್ತೇವೆಂಬಂತೆ ಕೈಬೀಸುವವರೇ ಹೆಚ್ಚು. ಆ ‘ಆಮೇಲೆ’ ಬಾರದೆ ಬಾಲ್ಯವೇ ಕಳೆದುಹೋಗುತ್ತದೆ.

ಮೂಗ ಕಂಡ ಕನಸು ಎಂಬ ಮಾತು ಕನ್ನಡದಲ್ಲಿ ರೂಢವಾಗಿದೆ. ಕಂಡದ್ದನ್ನು ಹೇಳಲಾರದ ಸ್ಥಿತಿಗೆ ಅದು ಉಪಮಾನ. ಆದರೆ ಹೇಳಲಾರದವನು ಯಾರು, ಅರಿಯಲಾರದವನು ಯಾರು ಎಂಬುದನ್ನು ವಿಚಾರಿಸಿ ನೋಡಬೇಕು. ಸಂಜ್ಞೆಯನ್ನು ಬಲ್ಲ ಇಬ್ಬರು ಕಿವುಡರು ಎದುರುಬದುರು ಕುಳಿತರೆ ಕನಸನ್ನಷ್ಟೇ ಅಲ್ಲ, ಸಂಸಾರದ ಸುಖದುಃಖ, ರಾಜಕಾರಣ, ಹಾಸ್ಯ, ಜಗಳ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಅಲ್ಲಿ ನಿಂತು ಏನೂ ತಿಳಿಯದೆ ನೋಡುವ ಕಿವಿಯುಳ್ಳವನೇ ಆ ಹೊತ್ತಿಗೆ ಮೂಗನಾಗುತ್ತಾನೆ.

ಸಂಜ್ಞಾಭಾಷೆ ಭಾಷೆಯೇ ಅಲ್ಲವೆಂಬ ತಪ್ಪುಗ್ರಹಿಕೆ ವಿದ್ಯಾವಂತರಲ್ಲಿಯೂ ಬೇರೂರಿತ್ತು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಅಂತಾರಾಷ್ಟ್ರೀಯ ಸಮ್ಮೇಳನವು, ಕಿವುಡ ಮಕ್ಕಳಿಗೆ ಬಾಯಿಮಾತಿನ ಮೂಲಕವೇ ಶಿಕ್ಷಣ ಕೊಡಬೇಕೆಂದು ನಿರ್ಣಯಿಸಿತು. ಅಲ್ಲಿ ಕೈಯೆತ್ತಿದವರಲ್ಲಿ ಕಿವುಡರು ಇಲ್ಲವೆಂಬಷ್ಟು ವಿರಳ. ಆ ನಿರ್ಣಯದ ತರುವಾಯ ಅನೇಕ ದೇಶಗಳ ಶಾಲೆಗಳಲ್ಲಿ ಕೈಸಂಜ್ಞೆಗೆ ನಿಷೇಧ ಬಿದ್ದಿತು. ಭಾರತದ ಬಹುತೇಕ ಕಿವುಡರ ಶಾಲೆಗಳೂ ದೀರ್ಘಕಾಲ ಮೌಖಿಕ ಪದ್ಧತಿಯನ್ನೇ ಅನುಸರಿಸಿದವು. ಮಕ್ಕಳು ಮಾತ್ರ ಆಟದ ಬಯಲಿನಲ್ಲಿ, ವಸತಿಗೃಹದಲ್ಲಿ, ಶಿಕ್ಷಕರ ಕಣ್ಣು ತಪ್ಪಿಸಿ ತಮ್ಮ ನುಡಿಯನ್ನು ಬದುಕಿಸಿಕೊಂಡರು. 2010ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಕೂಡಿದ ಇಂಥದೇ ಅಂತಾರಾಷ್ಟ್ರೀಯ ಸಮ್ಮೇಳನವು ಮಿಲಾನಿನ ನಿರ್ಣಯವನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿತು. ಆ ತಿದ್ದುಪಡಿಗೆ 130 ವರ್ಷ ಹಿಡಿಯಿತು.

ಈ ನಡುವೆ 1960ರಲ್ಲಿ, ಅಮೆರಿಕದ ಗ್ಯಾಲೊಡೆಟ್ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ವಿಲಿಯಂ ಸ್ಟೋಕೋ ಎಂಬ ವಿದ್ವಾಂಸ, ತನ್ನ ಕಿವುಡ ವಿದ್ಯಾರ್ಥಿಗಳ ಸಂಜ್ಞೆಗಳನ್ನು ಬಿಡಿಸಿ ನೋಡಿದ. ಬಾಯಿಮಾತಿನ ಪದ ವರ್ಣಗಳಿಂದ ಆಗುವಂತೆ, ಪ್ರತಿಯೊಂದು ಸಂಜ್ಞೆಯೂ ಕೈಯ ಆಕಾರ, ಅದನ್ನಿಡುವ ಸ್ಥಾನ, ಅದರ ಚಲನೆ ಎಂಬ ಅಂಗಗಳಿಂದ ರಚಿತವಾಗಿದೆಯೆಂದು ತೋರಿಸಿದ. ಆತನೂ ಕೇಳಬಲ್ಲವನೇ. ಕಲಿಸಲು ಬಂದವನು ಕಲಿಯಲು ಮನಸ್ಸು ಮಾಡಿದ್ದರಿಂದ ಭಾಷಾಶಾಸ್ತ್ರಕ್ಕೆ ಹೊಸದೊಂದು ಬಾಗಿಲು ತೆರೆಯಿತು.

ಕನ್ನಡದ ವ್ಯಾಕರಣ ಬಲ್ಲವರಿಗೆ ಈ ವಿಚಾರ ತೀರ ಹೊಸದಾಗಿ ತೋರಬೇಕಿಲ್ಲ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದದ ಉತ್ಪತ್ತಿಯನ್ನು ನಾಭಿಮೂಲದ ಉಸಿರಿಗೆ ಹೊಂದಿಸಿ ಹೇಳಿದ್ದಾನೆ, ನಿಜ. ಆದರೆ ಜೀವದ ಇಚ್ಛೆಯಿಲ್ಲದೆ ಶಬ್ದ ಹುಟ್ಟದೆಂಬುದನ್ನೂ ಅಲ್ಲಿಯೇ ಸೂಚಿಸಿದ್ದಾನೆ. ವಾಕ್ಕಿಗೆ ಪರಾ, ಪಶ್ಯಂತೀ, ಮಧ್ಯಮಾ, ವೈಖರೀ ಎಂಬ ನಾಲ್ಕು ಅವಸ್ಥೆಗಳನ್ನು ಹೇಳುವ ಸಂಪ್ರದಾಯದಲ್ಲಿ ಹೊರಗೆ ಕೇಳಿಬರುವ ವೈಖರಿಯು ಕೊನೆಯದು ಮಾತ್ರ. ಕಿವುಡ ಮಗುವಿನಲ್ಲಿ ಮೊದಲ ಮೂರಕ್ಕೆ ಯಾವ ಊನವೂ ಇಲ್ಲ. ಅದರ ವೈಖರಿಗೆ ಕಂಠದ ಬದಲು ಕೈ ಬೇಕು, ಅಷ್ಟೆ. ‘ಸನ್ನೆ’ ಎಂಬುದು ‘ಸಂಜ್ಞೆ’ಯ ತದ್ಭವ, ಸಂಸ್ಕೃತ ವ್ಯಾಕರಣದ ಸಿದ್ಧಾಂತಕೌಮುದಿ ಆರಂಭವಾಗುವುದೇ ಸಂಜ್ಞಾಪ್ರಕರಣದಿಂದ.

ಸಂಜ್ಞಾಭಾಷೆಯನ್ನು ನಾಟ್ಯದ ಮುದ್ರೆಗಳೊಡನೆ ಬೆರೆಸಬಾರದು. ಭರತನ ನಾಟ್ಯಶಾಸ್ತ್ರ ಹೇಳುವ 24 ಅಸಂಯುತ, 13 ಸಂಯುತ ಹಸ್ತಗಳು ಅಭಿನಯದ ಅಂಗಗಳು. ಸಂಜ್ಞಾಭಾಷೆಯೋ ದಿನಬಳಕೆಯ ನುಡಿ. ಅದಕ್ಕೆ ತನ್ನದೇ ವಾಕ್ಯರಚನೆಯುಂಟು. ಭಾರತೀಯ ಸಂಜ್ಞಾಭಾಷೆಯಲ್ಲಿ ಏನು, ಎಲ್ಲಿ, ಯಾರು ಎಂಬ ಪ್ರಶ್ನಾಪದಗಳು ವಾಕ್ಯದ ಕೊನೆಗೆ ಬರುತ್ತವೆ. ಕ್ರಿಯೆಗೆ ಕಾಲಪ್ರತ್ಯಯವಿಲ್ಲ, ನಿನ್ನೆ, ನಾಳೆ ಎಂಬ ಸಂಜ್ಞೆಗಳೇ ಕಾಲವನ್ನು ತಿಳಿಸುತ್ತವೆ. ಹುಬ್ಬಿನ ಏರಿಳಿತ, ತಲೆಯ ಬಾಗು ಇವು ವ್ಯಾಕರಣದ ಕಾರ್ಯವನ್ನು ನಿರ್ವಹಿಸುತ್ತವೆ. ಮೀಸೆಯ ತಾಣ ಮುಟ್ಟಿದರೆ ಪುರುಷ, ಮೂಗುತಿಯ ತಾಣ ಮುಟ್ಟಿದರೆ ಸ್ತ್ರೀ. ಈ ಮಣ್ಣಿನ ಉಡುಗೆತೊಡುಗೆಯೇ ಅದರ ಪದಕೋಶದೊಳಗೆ ಸೇರಿಕೊಂಡಿದೆ. ಮದನ್ ವಸಿಷ್ಠ ಮೊದಲಾದವರು ದೆಹಲಿ, ಬೆಂಗಳೂರು, ಮುಂಬಯಿ, ಕಲ್ಕತ್ತೆಗಳ ಸಂಜ್ಞೆಗಳನ್ನು ಸಂಗ್ರಹಿಸಿದಾಗ ಬೆಂಗಳೂರಿನ ಸಂಪುಟ 1985ರಲ್ಲಿ ಹೊರಬಂದಿತು. ಊರಿಂದೂರಿಗೆ ಕೆಲವು ಪದಗಳು ಬೇರೆಯಾದರೂ ನುಡಿ ಒಂದೇ ಕುಲದ್ದೆಂಬುದು ಆ ಪರಿಶ್ರಮದಿಂದ ಸ್ಪಷ್ಟವಾಯಿತು.

ಹೆತ್ತವರನ್ನು ಕಾಡುವ ಮುಖ್ಯ ಅಂಜಿಕೆಯೆಂದರೆ, ಕೈಸಂಜ್ಞೆ ರೂಢಿಯಾದರೆ ಮಗು ಮಾತು ಕಲಿಯುವುದಿಲ್ಲವೆಂಬುದು. ಈ ಉಪದೇಶವನ್ನು ಬಲ್ಲವರೇ ಮಾಡಿದ್ದರಿಂದ ಎಷ್ಟೋ ತಾಯಂದಿರು ಮಗುವಿನ ಕೈಗಳನ್ನು ಹಿಡಿದು ನಿಲ್ಲಿಸಿದ್ದುಂಟು. ಅನುಭವ ಬೇರೆಯೇ ಇದೆ. ಕಿವುಡ ತಾಯಿತಂದೆಗಳ ಕಿವುಡ ಮಕ್ಕಳು, ಕೇಳುವವರ ಮನೆಯ ಕಿವುಡ ಮಕ್ಕಳಿಗಿಂತ ಓದುಬರಹದಲ್ಲಿ ಮುಂದಿರುವುದನ್ನು 1960ರ ದಶಕದಲ್ಲೇ ಅಮೆರಿಕದ ಸಂಶೋಧಕರು ಕಂಡಿದ್ದರು. 2021ರಲ್ಲಿ ಅಲ್ಲಿಯ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನವು ಇನ್ನೂ ನೇರವಾದ ಸಾಕ್ಷ್ಯ ಒದಗಿಸಿದೆ: ಕೇಳಬಲ್ಲ ತಾಯಿತಂದೆಗಳ ಕಿವುಡ ಮಕ್ಕಳಿಗೆ 6 ತಿಂಗಳ ವಯಸ್ಸಿನೊಳಗೆ ಸಂಜ್ಞಾಭಾಷೆಯ ಸಂಪರ್ಕ ದೊರೆತಲ್ಲಿ ಅವರ ಪದಸಂಪತ್ತು ವಯಸ್ಸಿಗೆ ತಕ್ಕಂತೆಯೇ ಬೆಳೆಯುತ್ತದೆ. ಹೆತ್ತವರು ಹುಟ್ಟಾ ಸಂಜ್ಞಾಭಾಷಿಗಳಾಗಿರಬೇಕಿಲ್ಲ; ತೊದಲುತ್ತ ಕಲಿಯುವವರಾದರೂ ಸಾಕು.

ಶ್ರವಣಯಂತ್ರ ಬೇಡ, ಕಾಕ್ಲಿಯರ್ ಕಸಿ ಬೇಡ ಎಂಬುದು ಇದರ ತಾತ್ಪರ್ಯವಲ್ಲ. ಬಡಮಕ್ಕಳಿಗೂ ಈ ಕಸಿ ದೊರೆಯುವಂತೆ ಕೇಂದ್ರ ಸರ್ಕಾರದ ನೆರವಿನ ಯೋಜನೆಯಲ್ಲಿ 2014ರಿಂದ ಅವಕಾಶ ಕಲ್ಪಿಸಿರುವುದು ಸ್ತುತ್ಯವಾದ ಕಾರ್ಯ. ಆದರೆ ಶಸ್ತ್ರಕ್ರಿಯೆಯ ಮರುದಿನವೇ ಮಾತು ಬಾರದು. ವರ್ಷಗಟ್ಟಲೆ ಅಭ್ಯಾಸ ಬೇಕು. ಫಲವೂ ಎಲ್ಲ ಮಕ್ಕಳಲ್ಲಿ ಒಂದೇ ತೆರನಲ್ಲ. ಯಂತ್ರ ಕೆಡುತ್ತದೆ, ಬ್ಯಾಟರಿ ತೀರುತ್ತದೆ, ಮಲಗುವಾಗ ತೆಗೆದಿಡಬೇಕಾಗುತ್ತದೆ. ಅಷ್ಟು ಕಾಲ ಮಗುವಿನ ಬುದ್ಧಿ ಕಾದು ಕೂರುವುದಿಲ್ಲ. ಭಾಷೆ ಬೇರೂರುವ ಮೊದಲ ಕೆಲವು ವರ್ಷಗಳು ಬರಿದಾಗಿ ಹೋದರೆ ಮುಂದೆ ಎಷ್ಟು ಬೋಧಿಸಿದರೂ ಆ ಕೊರತೆ ಪೂರ್ತಿ ತುಂಬದು. ಒಂದು ಕೈಯಲ್ಲಿ ಯಂತ್ರ, ಇನ್ನೊಂದರಲ್ಲಿ ಸಂಜ್ಞೆ ಎರಡೂ ಇದ್ದ ಮಗುವಿಗೆ ನಷ್ಟವೇನೂ ಇಲ್ಲ.

ಊರಿಗೆ ಊರೇ ಇದನ್ನು ಕಲಿಯುವುದು ಆಗದ ಮಾತೆಂದು ನಗುವವರುಂಟು. ಅದು ಆಗಿಹೋದ ಮಾತು. ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ ವಂಶಪರಂಪರೆಯ ಕಿವುಡುತನ ತಲೆಮಾರುಗಳಿಂದ ನಡೆದುಬಂದಿತ್ತು. ಅಲ್ಲಿಯ ಕೆಲವು ಹಳ್ಳಿಗಳಲ್ಲಿ ಕೇಳುವವರೂ ಸಂಜ್ಞೆಯಲ್ಲಿ ಮಾತಾಡುತ್ತಿದ್ದರು. ಬೆಸ್ತರು, ವ್ಯಾಪಾರಿಗಳು, ನೆರೆಹೊರೆಯವರು ಎಲ್ಲರಿಗೂ ಅದು ಬರುತ್ತಿತ್ತು. ಆದಕಾರಣ ಅಲ್ಲಿ ಕಿವುಡುತನವನ್ನು ಯಾರೂ ಒಂದು ಕೊರತೆಯಾಗಿ ಎಣಿಸಲಿಲ್ಲವೆಂಬುದನ್ನು ನೋರಾ ಎಲೆನ್ ಗ್ರೋಸ್ ಎಂಬ ವಿದುಷಿ 1985ರ ತಮ್ಮ ಗ್ರಂಥದಲ್ಲಿ ನಿರೂಪಿಸಿದ್ದಾರೆ.

ಶರಣಪರಂಪರೆಗೆ ಸೇರಿದವರಂತೂ ಈ ಕಾರ್ಯದಿಂದ ಹಿಂಜರಿಯಲು ಕಾರಣವೇ ಇಲ್ಲ. ವೀರಶೈವ ಶಾಸ್ತ್ರಗಳು ದೀಕ್ಷೆಯನ್ನು ಮೂರು ಬಗೆಯೆಂದು ಹೇಳುತ್ತವೆ. ಗುರುವು ದೃಷ್ಟಿಯಿಂದಲೂ ಹಸ್ತಮಸ್ತಕ ಸಂಯೋಗದಿಂದಲೂ ಕೊಡುವುದು ವೇಧಾದೀಕ್ಷೆ. ಕಿವಿಯಲ್ಲಿ ಉಪದೇಶಿಸುವುದು ಮಂತ್ರದೀಕ್ಷೆ. ಅಂಗೈಗೆ ಲಿಂಗವನ್ನು ಅನುಗ್ರಹಿಸುವುದು ಕ್ರಿಯಾದೀಕ್ಷೆ. ಕಣ್ಣು, ಕಿವಿ, ಕೈ ಈ ಮೂರೂ ಅರಿವಿನ ದ್ವಾರಗಳೆಂದು ಒಪ್ಪಿದ ಧರ್ಮ ಇದು. ಕರಸ್ಥಲದಲ್ಲಿ ಲಿಂಗವನ್ನಿರಿಸಿ ದೃಷ್ಟಿಯನ್ನು ನೆಡುವವರಿಗೆ ಕೈಯೂ ಕಣ್ಣೂ ಕೂಡಿದಾಗ ಆಗುವ ಬೆಳಗು ಎಂಥದೆಂದು ಬೇರೆ ಹೇಳಬೇಕಿಲ್ಲ. 12ನೆಯ ಶತಮಾನದ ಶರಣರು ಜನರನ್ನು ಸಂಸ್ಕೃತದ ಬಳಿಗೆ ಬನ್ನಿರೆಂದು ಕರೆಯಲಿಲ್ಲ. ತಾವೇ ಜನರ ನುಡಿಗೆ ಇಳಿದು ಬಂದರು. ಬಲ್ಲವನು ಅರಿಯದವನ ನುಡಿಗೆ ಹೋಗಬೇಕೆಂಬ ಆ ಮರ್ಯಾದೆಯನ್ನೇ ಕಿವುಡ ಮಗು ತನ್ನ ಹೆತ್ತವರಿಂದ ಬೇಡುತ್ತಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಕಿವಿಯ ಹಾದಿಯಿಂದ ನಾದವಿದ್ಯೆಯನ್ನು ಧಾರೆಯೆರೆದರು. ಇರುವ ಇಂದ್ರಿಯವನ್ನು ಹಿಡಿದು ನಡೆಸಬೇಕೆಂಬುದೇ ಅಲ್ಲಿಯ ಪಾಠ.

ಆದ್ದರಿಂದ ಆಗಬೇಕಾದ ಕೆಲಸವೇನು? ನವಜಾತ ಶಿಶುವಿನ ಶ್ರವಣಪರೀಕ್ಷೆ ಮೊದಲ ತಿಂಗಳಲ್ಲಿ, ದೋಷದ ನಿರ್ಣಯ ಮೂರನೆಯ ತಿಂಗಳೊಳಗೆ, ಉಪಚಾರ ಆರನೆಯ ತಿಂಗಳೊಳಗೆ ಎಂಬುದು ತಜ್ಞರು ಒಪ್ಪಿದ ಕ್ರಮ. ದೋಷ ತಿಳಿದ ದಿನವೇ ಹೆತ್ತವರಿಗೆ ಸಂಜ್ಞಾಭಾಷೆಯ ತರಗತಿಯ ದಾರಿ ತೋರಿಸಬೇಕು. ಪೂರ್ವಕರ್ಮದ ಹೆಸರೆತ್ತಿ ತಾಯಿಯನ್ನು ನೋಯಿಸುವುದು ನಿಲ್ಲಬೇಕು. ತಾಯಿಯೊಬ್ಬಳೇ ಕಲಿತು ದುಭಾಷಿಯಾಗಿ, ತಂದೆಯೂ ಅಜ್ಜಿಯೂ ಒಡಹುಟ್ಟಿದವರೂ ಅವಳ ಕೈಯನ್ನೇ ನಂಬಿ ಕುಳಿತರೆ ಆ ಮಗುವಿಗೆ ತಾಯಿಯುಂಟು, ಮನೆಯಿಲ್ಲ. ತಂದೆಗೆ ಬಿಡುವಿಲ್ಲವೆಂಬುದು ಹಲವೆಡೆ ಕೇಳಿಬರುವ ಸಬೂಬು. ಮಗನೊಡನೆ ಮಾತಾಡಲು ಬಿಡುವಿಲ್ಲವೆಂದು ಅದನ್ನೇ ಬೇರೆ ಪದಗಳಲ್ಲಿ ಹೇಳಿದರೆ ಅದರ ನಿಜಸ್ವರೂಪ ಬಯಲಾದೀತು.

ಸಾಧನಗಳ ಅಭಾವ ಹಿಂದಿನಷ್ಟಿಲ್ಲ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರ ಸ್ಥಾಪಿತವಾಯಿತು. ಅದು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದು 2021ರ ವೇಳೆಗೆ 10,000 ಪದಗಳಿಗೆ ವಿಸ್ತರಿಸಿತು. ಚಲನಚಿತ್ರರೂಪದ ಈ ನಿಘಂಟು ಮೊಬೈಲಿನಲ್ಲಿಯೇ ಉಚಿತವಾಗಿ ದೊರೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸಂಜ್ಞಾಭಾಷೆ ಬಲ್ಲ ಶಿಕ್ಷಕರನ್ನು ನೇಮಿಸಬೇಕೆಂದು ವಿಧಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ಭಾಷೆಗೆ ಮಾನ್ಯತೆ ನೀಡಿದೆ. ಆದರೆ ನಿಘಂಟು ನೋಡಿ ಯಾರೂ ನುಡಿ ಕಲಿತದ್ದಿಲ್ಲ. ಅದಕ್ಕೆ ಆಡುವವರ ಸಹವಾಸ ಬೇಕು, ಅಂದರೆ ಕಿವುಡ ಗುರು ಬೇಕು.

ಇಲ್ಲಿಯೇ ಮಠಮಾನ್ಯಗಳ ಶಾಲೆಗಳಿಗೂ ದಾನಿಗಳಿಗೂ ಪಾತ್ರವಿದೆ. ಶಾಲೆಯ ಕೊಠಡಿಗಳು ಭಾನುವಾರ ಬೀಗ ಹಾಕಿಕೊಂಡಿರುತ್ತವೆ. ಅದರಲ್ಲೊಂದನ್ನು ಎರಡು ಗಂಟೆ ತೆರೆದು, ಸಂಜ್ಞೆ ಬಲ್ಲ ಕಿವುಡರೊಬ್ಬರನ್ನು ಗೌರವಧನ ಕೊಟ್ಟು ಗುರುಸ್ಥಾನದಲ್ಲಿ ಕೂರಿಸಿ, ಸುತ್ತಲ ಹಳ್ಳಿಗಳ ಹೆತ್ತವರಿಗೆ ಪಾಠ ಹೇಳಿಸಬಹುದು. ಕೂಲಿ ಬಿಟ್ಟು ಬರುವ ತಾಯಿತಂದೆಗಳಿಗೆ ಬಸ್ಸಿನ ವೆಚ್ಚವನ್ನೂ ಮಧ್ಯಾಹ್ನದ ಪ್ರಸಾದವನ್ನೂ ಒದಗಿಸುವುದು ದಾಸೋಹದ ನೆಲೆಯಲ್ಲಿ ಬೆಳೆದ ಸಂಸ್ಥೆಗಳಿಗೆ ಭಾರವಲ್ಲ. ಯಂತ್ರದಾನಕ್ಕೆ ಮುಂದೆ ಬರುವವರು ಬಹಳ. ವೇದಿಕೆಯ ಮೇಲೆ ಅದನ್ನು ಕೊಟ್ಟು ಭಾವಚಿತ್ರ ತೆಗೆಸಿಕೊಳ್ಳಬಹುದು. ತಂದೆಯೊಬ್ಬ ತನ್ನ ಮಗಳಿಗೆ ಇಂದು ಶಾಲೆಯಲ್ಲಿ ಏನಾಯಿತೆಂದು ಕೈಯಾಡಿಸಿ ಕೇಳುವ ಶಕ್ತಿಯನ್ನು ಹಾಗೆ ವೇದಿಕೆಯಲ್ಲಿ ಕೊಡಲಾಗದು. ಅದನ್ನು ವಾರವಾರವೂ, ವರ್ಷಗಟ್ಟಲೆ ಕೊಡಬೇಕು. ಅಂಥ ದಾನಕ್ಕೆ ಮುಂದಾಗುವವರನ್ನು ಶಾಲೆಗಳು ಈಗ ಹುಡುಕಬೇಕಾಗಿದೆ.